ಎಣ್ಣೆ ಹೊತ್ತ ಅಣ್ಣ

ಮಾರ್ಚ್ 6, ಶನಿವಾರ

ಬಂದರಿನ ಆಫೀಸು, ಎಂದಿನ ಗದ್ದಲ. ಮುಂದಿನ ವಾರದ ಹಡಗಿನ ಪಟ್ಟಿ ಸಾಹೇಬರ ಕೋಣೆ ಬಿಟ್ಟು ಹೊರಬರುವಂತಿಲ್ಲ. ಸರಕು ಹತ್ತಿಸುವ ಉಸ್ತುವಾರಿ ನನ್ನದು, ಬಾಯಿಪಾಠವೇ ಗತಿ. ಹಾಗಾಗಿ ಪ್ರಾಸ; ಎಣ್ಣೆ ಹಡಗು ಅಣ್ಣ, ಹಿಟ್ಟಿನ ಹಡಗು ತಮ್ಮ —

ಸೋಮವಾರ ಹೊರಟಾನಣ್ಣ,
ಹೊಟ್ಟೆ ತುಂಬಾ ಎಣ್ಣೆ ಕಣಣ್ಣ;
ಬುಧವಾರ ಹೊರಟಾನು ತಮ್ಮ,
ಹಿಟ್ಟು ಹೊತ್ತು ಹೋಗ್ತಾನಮ್ಮ!

ಪೆಟ್ಟಿಗೆಗಳ ಮೇಲೆ ಗುರುತು ಹಾಕುವ ಗುಮಾಸ್ತ ಬಿದ್ದು ಬಿದ್ದು ನಕ್ಕ. ಸೀಮೆಸುಣ್ಣ ಅಂತ ನಾನೇ ಇಟ್ಟ ಹೆಸರು. "ಸಾರ್, ನಿಮಗೆ ಸೀನು ಬಂದ್ರೂ ಪ್ರಾಸದಲ್ಲೇ ಬರತ್ತೆ!"

ಸಂಜೆ ಹೆಂಡತಿ: "ಶೇವಿಂಗಿಗೆ ಹೋದವರು ಒಂದು ಗಂಟೆ ಏನ್ ಮಾಡ್ತಿದ್ರಿ?"

"ಕ್ಷೌರಿಕನೆದುರು ಕಾವ್ಯವಾಚನ."

"ಆ ಬಾಯಿಗೊಂದು ಬೀಗ ಸಿಕ್ಕಿದ್ರೆ ತನ್ನಿ."

ಮಾರ್ಚ್ 10, ಬುಧವಾರ

ಸೋಮವಾರದ ಅಣ್ಣ ಮುಳುಗಿದ. ಬಂದರು ಬಿಟ್ಟು ಆರೇ ತಾಸು. ಶತ್ರುವಿನ ಜಲಾಂತರ್ಗಾಮಿ ಕಾದು ಕುಳಿತಿತ್ತಂತೆ. ಇದು ಮೂರನೆಯದು. ಮೂರರಲ್ಲೂ ಎಣ್ಣೆ. ಹಿಟ್ಟಿನ ಹಡಗುಗಳಿಗೆ ಒಂದು ಗೀರೂ ಇಲ್ಲ.

ನೀರಡಿ ಕುಳಿತವನಿಗೆ ಹಡಗಿನ ಹೊಟ್ಟೆಯೊಳಗಿನದು ಹೇಗೆ ಗೊತ್ತು? ಯಾರೋ ಹೇಳುತ್ತಿದ್ದಾರೆ. ಮೊದಲೇ ಗೊತ್ತಿರುವುದು ಮೂವರಿಗೆ. ಸಾಹೇಬರು — ಸಾಹೇಬರು. ನಾನು — ನಾನು. ಉಳಿದವನು...

ಮಾರ್ಚ್ 12, ಶುಕ್ರವಾರ

ತಮ್ಮನ ಕಾಗದ. ಸ್ವಂತ ತಮ್ಮ, ಟ್ಯಾಂಕ್ ಡ್ರೈವರ್. ಮೂರು ವಾರ ಹಳೆಯದು.

"ಅಣ್ಣಾ, ಶತ್ರು ಓಡಿಹೋದ, ಎದುರಿಗೆ ರಸ್ತೆ ಖಾಲಿ. ನಾವು ಕೂತಲ್ಲೇ ಕೂತಿದ್ದೀವಿ. ಎಣ್ಣೆ ಇಲ್ಲ. ಬಿಸ್ಕತ್ತು ಬೇಕಾದಷ್ಟಿದೆ. ಟ್ಯಾಂಕಿಗೆ ಬಿಸ್ಕತ್ತು ತಿನ್ನಿಸೋಕಾಗತ್ತಾ? ಅವನು ತಿರುಗಿ ಬರೋದ್ರೊಳಗೆ ಒಂದು ಹಡಗಾದ್ರೂ ಕಳಿಸು."

ನಾನೇನೋ ಕಳಿಸುತ್ತಲೇ ಇದ್ದೇನೆ.

ಮಾರ್ಚ್ 15, ಸೋಮವಾರ

ಸೀಮೆಸುಣ್ಣನ ಮೇಲೆ ಕಣ್ಣಿಟ್ಟಿದ್ದೇನೆ. ಜೇಬಿನಲ್ಲಿ ಪುಟ್ಟ ನೋಟ್‌ಬುಕ್. ನಾನು ಪಟ್ಟಿ ಓದಿ ಬಂದ ದಿನವೇ, ಗೋಡೆಗೆ ತಿರುಗಿ ಏನೋ ಗೀಚುತ್ತಾನೆ.

"ಏನಯ್ಯಾ ಅದು?"

"ಏನಿಲ್ಲ ಸಾರ್... ಸುಮ್ನೆ." ಕಿವಿ ಕೆಂಪಗಾಯಿತು.

ಸುಮ್ಮನೆ ಯಾರ ಕಿವಿ ಕೆಂಪಗಾಗುತ್ತದೆ? ಮಧ್ಯಾಹ್ನವೇ ಸಾಹೇಬರ ಕಿವಿಗೆ ಹಾಕಿದೆ.

ಮಾರ್ಚ್ 16, ಮಂಗಳವಾರ

ಮಿಲಿಟರಿ ಪೊಲೀಸರು ಸೀಮೆಸುಣ್ಣನನ್ನು ಹಿಡಿದುಕೊಂಡು ಹೋದರು. ಹೋಗುವಾಗ ನನ್ನ ಕಡೆ ನೋಡಿ ನಕ್ಕ. ಪಕ್ಕಾ ಕಳ್ಳ. ಕ್ಷೌರಿಕನಿಗೆ ಈ ಶುಕ್ರವಾರದ ಪದ್ಯ ಹೇಳಿ ಬಂದೆ, ಎದೆ ಹಗುರವಾಗಿತ್ತು.

ಮಾರ್ಚ್ 22, ಸೋಮವಾರ

ಶುಕ್ರವಾರದ ಎಣ್ಣೆ ಹಡಗೂ ಮುಳುಗಿತು.

ಅವನು ಒಳಗಿದ್ದಾನೆ. ಮತ್ತೆ ಯಾರು?

ಮಾರ್ಚ್ 23, ಮಂಗಳವಾರ, ಸಂಜೆ

ಸಾಹೇಬರು ಕರೆಸಿದರು. ಮೇಜಿನ ಮೇಲೆ ಆ ನೋಟ್‌ಬುಕ್. "ಏನೋ ಗುಪ್ತಭಾಷೆ ಕಣ್ರೀ. ನೀವು ಓದಿದವರು, ಸ್ವಲ್ಪ ಬಿಡಿಸಿ ಹೇಳಿ."

ತೆರೆದೆ. ನನ್ನ ಪ್ರಾಸಗಳು. ಎಲ್ಲವೂ. ಮುತ್ತಿನಂಥ ಅಕ್ಷರ, ಪದ್ಯದ ಸುತ್ತ ಹೂಬಳ್ಳಿ. ಮೊದಲ ಪುಟ ಹರಿದಿತ್ತು — ಕವಿಯ ಹೆಸರಿರಬೇಕಾದ ಪುಟ.

"ತಾನೇ ಕಟ್ಟಿದ್ದು ಅಂತಾನೆ. ಎಷ್ಟು ಹೊಡೆದ್ರೂ ಅದೇ ಮಾತು. ಹೋದ ವಾರದ ಹಡಗಿನ ಸುದ್ದೀನೂ ಮೊದಲೇ ದಾಟಿಸಿರಬೇಕು. ಈ ಶುಕ್ರವಾರ ಗುಂಡು."

"ನಾಳೆ ಬಿಡಿಸಿ ಹೇಳ್ತೀನಿ ಸಾಹೇಬರೇ" ಅಂದು ನೋಟ್‌ಬುಕ್ ಮುಚ್ಚಿದೆ.

ಬರುವಾಗ ಕ್ಷೌರದಂಗಡಿ. ಕತ್ತಿ ಮಸೆಯುತ್ತಾ ಅವನು ಕೇಳಿದ: "ಏನ್ ಸಾರ್, ಈ ವಾರ ಹೊಸದಿಲ್ವಾ? ಅಣ್ಣ ಯಾವತ್ತು ಹೊರಡ್ತಾನೆ?"

ಹಿಟ್ಟು ಹೊತ್ತ ತಮ್ಮನ ವಿಷಯ ಕೇಳಲಿಲ್ಲ. ಯಾವತ್ತೂ ಕೇಳಿದವನಲ್ಲ.

ಅರ್ಧ ಗಡ್ಡದಲ್ಲೇ ಎದ್ದು ಬಂದೆ.

ಮಾರ್ಚ್ 24, ಬುಧವಾರ, ಬೆಳಗ್ಗೆ 6

ನಾಳೆ ಎಣ್ಣೆ ಹಡಗು. ಪದ್ಯ ಕಟ್ಟಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತಂದಿಟ್ಟಳು.

ಸಾಹೇಬರೆದುರು ಹೇಳಬೇಕಾದ್ದನ್ನು ಬರೆದು ನೋಡುತ್ತಿದ್ದೇನೆ. ಗದ್ಯದಲ್ಲಿ. ಮೂರು ಸಲ ಹೊಡೆದು ಹಾಕಿದೆ, ತಾನಾಗಿ ಪ್ರಾಸ ಬೀಳುತ್ತದೆ.

"ಸಾಹೇಬರೇ, ಆ ಪದ್ಯ ಕಟ್ಟಿದವನು —