ಶೂ ಒಳಗಿನ ಬ್ರೆಡ್ ಕವರ್

ಅಪ್ಪ,

ಥೂ, ಎಂಥ ನಾತ! ನೀನು ತೀರಿಕೊಂಡ ಮೇಲೆ ಬೈಕ್ ನನ್ನದಾಗಿದೆ. ಇವತ್ತು ಕೊರೆಯುವ ಚಳಿಗೆ ನಿನ್ನ ಹಾಗೇ ಸಾಕ್ಸ್ ಮೇಲೆ ಬ್ರೆಡ್ ಕವರ್ ಸುತ್ತಿ, ಶೂ ಹಾಕಿಕೊಂಡು ಅದರಲ್ಲೇ ಕಾಲೇಜಿಗೆ ಹೋದೆ. ಲ್ಯಾಬ್ ಬಾಗಿಲಲ್ಲಿ ಶೂ ಬಿಚ್ಚಬೇಕೆಂಬುದು ಮರೆತೇಹೋಗಿತ್ತು. ಬಿಚ್ಚಿದರೆ ಬೆವರಿನಲ್ಲಿ ನೆಂದ ಕಾಲು, ಹಳಸಿದ ಬ್ರೆಡ್ಡಿನ ಚೂರು. ಡಿಸ್ಗಸ್ಟಿಂಗ್!

“ಏನೇ, ಸ್ಯಾಂಡ್‌ವಿಚ್ ತಂದಿದ್ದೀಯಾ?” ಲ್ಯಾಬ್ ಪಾರ್ಟ್ನರ್ ಮೂಗು ಮುಚ್ಚಿಕೊಂಡಳು. ಕ್ಲಾಸಿನಲ್ಲಿ ನನ್ನನ್ನು ಮಾತಾಡಿಸುವವಳು ಅವಳೊಬ್ಬಳೇ.

“ನಮ್ಮಪ್ಪನ ಐಡಿಯಾ,” ಅಂದೆ.

“ಅಯ್ಯೋ, ಅವರನ್ನ ಮನೆ ಒಳಗೆ ಹೇಗೆ ಸೇರಿಸ್ತೀರೇ?”

ನನ್ನ ಹಾಸ್ಟೆಲ್‌ನಲ್ಲೂ ವಿಸಿಟರ್ಸ್ ರೂಮಿಗೆ ಶೂ ಬಿಚ್ಚಿಯೇ ಬರಬೇಕಿತ್ತು. ನನ್ನನ್ನು ನೋಡಲು ಬಂದಾಗ ನೀನು ಪ್ರತಿ ಸಲ, “ಲೇಟಾಯ್ತು ಪುಟ್ಟಿ” ಎಂದು ಗೇಟಿನಿಂದಲೇ ಬೈಕ್ ತಿರುಗಿಸುತ್ತಿದ್ದೆ.

ಕವರ್ ತೊಳೆದು ಹ್ಯಾಂಡಲ್‌ಗೆ ಸಿಕ್ಕಿಸಿದ್ದೇನೆ. ಇನ್ನೂ ಅದೇ ನಾತ, ಥೂ. ನಾಳೆಯೂ ಚಳಿಯಂತೆ.