ಅಂಚಿಗೆ ಅಂಚು ಹಿಡಿಯುವ ತನಕ

ಮಂಗಳವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಭಾವನ ಮಂಡಿನೋವು ಈಗ ಹೇಗಿದೆ? ಬರೆಯುವುದು ತಡವಾಯಿತು, ಬೈಯಬೇಡ. ಫೋನಿನಲ್ಲಿ ತಮ್ಮನ ಹೆಸರೆತ್ತಿದರೆ ಸಾಕು, ಪಟ್ಟನೆ ಇಟ್ಟುಬಿಡುತ್ತೀಯ. ಪತ್ರವನ್ನಾದರೂ ಪೂರ್ತಿ ಓದು.

ಅವನು ಕೆಲಸ ಮಾಡುವ ಲಾಂಡ್ರಿಯಲ್ಲಿ ಬಾಯ್ಲರಿನ ಪೈಪು ಒಡೆದು, ಹಬೆ ಹೊಡೆದು ಬೆನ್ನಿಡೀ ಸುಟ್ಟಿದೆ. ನಮ್ಮ ಆಸ್ಪತ್ರೆಯಲ್ಲೇ ಬೋರಲು ಮಲಗಿದ್ದಾನೆ. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಇನ್ನೂ ಬಾಯಿಬಿಟ್ಟು ಹೇಳಿಲ್ಲ.

ನನ್ನ ಕೆಲಸ ಗೊತ್ತಲ್ಲ, ತಟ್ಟೆಯಲ್ಲಿ ಚರ್ಮ ಬೆಳೆಸುವುದು. ಅವನ ತೊಡೆಯಿಂದ ಅಂಚೆಚೀಟಿಯಷ್ಟು ಚರ್ಮ ತೆಗೆದು, ಜೀವಕೋಶಗಳನ್ನು ಬಿಡಿಬಿಡಿ ಮಾಡಿ ಬಿತ್ತಿದೆವು. ಮೊದಮೊದಲು ಒಂದೊಂದೂ ತನ್ನ ಪಾಡಿಗೆ ಕೂತಿರುತ್ತದೆ. ಹೆಚ್ಚಿಕೊಂಡು ಪಕ್ಕದ್ದಕ್ಕೆ ತಾಗಿದ ಮೇಲೆ, ತಟ್ಟೆಯ ದ್ರವದಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ, ಅಂಚಿಗೆ ಅಂಚು ಹಿಡಿದುಕೊಳ್ಳುತ್ತವೆ. ಆಗಲೇ ಅದು ಹಾಳೆಯಾಗಿ ಬೆನ್ನಿಗೆ ಹೊದಿಸಲು ಬರುವುದು.

ಮೊದಲ ಸಲದ ಹಾಳೆಗಳು ಹಾಳಾದವು ಅಕ್ಕಾ. ನಮ್ಮಲ್ಲೊಂದು ಕಟ್ಟಳೆಯಿದೆ, ಮನೆಯವರ ತಟ್ಟೆ ಮುಟ್ಟಬಾರದು, ಕೈ ನಡುಗುತ್ತದೆ ಎಂದು. ಹಾಗಾಗಿ ನನ್ನ ಜೊತೆಗಾತಿ, ದಪ್ಪ ಕನ್ನಡಕದ ಸೋಡಾಬುಡ್ಡಿ, ಹಾಳೆಗಳನ್ನು ತಟ್ಟೆಯಿಂದ ಎಬ್ಬಿಸಿದಳು. ಹಾಳೆ ತೊಳೆಯುವ ಬಾಟಲಿಯ ಬದಲು ಕೋಶ ಬಿಡಿಸುವ ಬಾಟಲಿ ಸುರಿದಳು. ಅದು ಕ್ಯಾಲ್ಸಿಯಂ ಕಿತ್ತುಕೊಳ್ಳುವಂಥದ್ದು. ನಾನು ಗಾಜಿನಾಚೆ ನಿಂತು ಕೂಗಿದೆ, ಅವಳಿಗೆ ಕೇಳಿಸಲಿಲ್ಲ. ಹಾಳೆ ಚಮಚ ತಾಗಿದ ಹಾಲಿನ ಕೆನೆಯ ಹಾಗೆ ಚೂರುಚೂರಾಯಿತು.

"ನಾಲ್ಕು ಬಾರಿಸಿಬಿಡಿ ಮೇಡಂ," ಎಂದು ಅತ್ತಳು.

"ಬಾರಿಸಿದ್ರೆ ಅಂಟ್ಕೊಳ್ಳುತ್ತಾ? ಹೋಗಿ ಮುಖ ತೊಳ್ಕೋ," ಎಂದೆ. ನಿಜ ಹೇಳುತ್ತೇನೆ, ಬಾರಿಸಬೇಕು ಅನ್ನಿಸಿತ್ತು.

ತೆಗೆದಿಟ್ಟಿದ್ದ ಕೋಶಗಳಿಂದ ಮತ್ತೆ ಬೆಳೆಸಿದ್ದೇವೆ. ಬರುವ ಸೋಮವಾರ ಹಾಳೆ ಎಬ್ಬಿಸಿ ಅವನ ಬೆನ್ನಿಗೆ ಹೊದಿಸುತ್ತಾರೆ. "ಈ ಸಲವೂ ಕೈಕೊಟ್ರೆ ಕಾಯೋಕಾಗಲ್ಲಮ್ಮ, ಸೋಂಕು ಹತ್ತುತ್ತೆ," ಎಂದರು ಡಾಕ್ಟರು. ಮುಟ್ಟುವಂತಿಲ್ಲ, ನೋಡಲು ಅಡ್ಡಿಯಿಲ್ಲ. ಹೋಗಿ ಹೋಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತೇನೆ. ಒಂದು ಮೂಲೆಯಲ್ಲಿ ಇನ್ನೂ ಸಂದಿ ಕಾಣಿಸುತ್ತಿದೆ. ಊಟ ಸೇರುತ್ತಿಲ್ಲ, ಭಯವಾಗುತ್ತಿದೆ ಅಕ್ಕಾ. ಸೋಡಾಬುಡ್ಡಿ ಬಾಟಲಿಗಳನ್ನು ಬೇರೆಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಈಗ ಬೀಗದ ಕೈ ಹುಡುಕುವುದೇ ನಮ್ಮ ಕೆಲಸ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ದೊಡ್ಡವಳು ನೀನು, ನಮ್ಮಿಬ್ಬರನ್ನೂ ಹರಸು.

ನಿನ್ನ
ಮೆಣಸಿನಕಾಯಿ

ತಾ.ಕ.: "ಅಕ್ಕಂಗೆ ತಿಳಿಸ್ಬೇಡ, ಕನಿಕರಕ್ಕೆ ಬರೋದೇನೂ ಬೇಡ," ಎಂದಿದ್ದ ಅವನು. ಹಾಗೆಂದವನೇ ನನ್ನ ಮುಖ ನೋಡುತ್ತಲೇ ಇದ್ದ. ತಡೆಯಲಾಗದೆ, "ಅವಳು ದಿನಾ ಫೋನ್ ಮಾಡಿ ನಿನ್ನ ವಿಚಾರಿಸ್ತಾಳೆ ಕಣೋ," ಎಂದುಬಿಟ್ಟೆ. ಅವತ್ತಿನಿಂದ ನಾನು ವಾರ್ಡಿನೊಳಗೆ ಕಾಲಿಟ್ಟರೆ ಸಾಕು, "ಅಕ್ಕ ಇವತ್ತು ಏನಂದ್ಲು?" ಎನ್ನುತ್ತಾನೆ. ಇಷ್ಟು ದಿನ ಏನೇನೋ ಕಟ್ಟಿ ಹೇಳಿದೆ. ಸೋಮವಾರ ಅವನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮುಂಚೆಯೂ ಕೇಳುತ್ತಾನೆ. ಏನು ಹೇಳಲಿ ಎಂದು ನೀನೇ ಬರೆ.