ಕಾಮಣ್ಣನ ಪಾಲಿಗೆ ಹೋದ ಗೂಟಗಳು

ಉದ್ಯಮಪುರ, ಸಿ ವಿಭಾಗ
ರಂಗಪಂಚಮಿ, ಸಂಜೆ

ನೆಲದ ಅಳತೆ ಬಲ್ಲ, ಸಿಟ್ಟಿಗೆ ಅಳತೆಯಿಲ್ಲದ ಗೆಳತಿ ಸೌಮ್ಯಾಳಿಗೆ, ಹಾಗೂ ಈ ಪತ್ರವನ್ನು ಆಕೆಗಿಂತ ಮೊದಲು ಬಿಚ್ಚಿ ಓದಲಿರುವ ಅವಳ ತಂದೆ ಕುಬೇರಪ್ಪ ಕಾಕಾ ಅವರಿಗೆ, ಬಣ್ಣ ಹತ್ತಿದ ಕೈಯಿಂದಲೇ ಶರಣು.

ಮೂರು ಸಲ ಫೋನು ಮಾಡಿದೆ. ಎರಡು ಸಲ ನೀನು ಎತ್ತಲಿಲ್ಲ. ಮೂರನೆಯ ಸಲ ಕಾಕಾ ಎತ್ತಿ "ಯಾರ್ರಿ ಮಾತಾಡೂದು?" ಎಂದರು. ಬೈರಿದೇವರಕೊಪ್ಪದ ಶಿವಯೋಗೀಶ, ಇಲ್ಲಿಯ ಪಂಪು ಕಾರ್ಖಾನೆಯಲ್ಲಿ ತರಬೇತಿಯ ನೌಕರ ಎಂದು ಗಂಭೀರವಾಗಿ ಪರಿಚಯ ಹೇಳಿಕೊಳ್ಳುವವನಿದ್ದೆ. ಬಾಯಿಂದ ಬಂದದ್ದು "ಗ್ಯಾಸ್ ಏಜೆನ್ಸಿ ರೀ". ಕಾಕಾ, ಆ ಗ್ಯಾಸ್ ಏಜೆನ್ಸಿ ನಾನೇ. ಹೊಟ್ಟೆಗೆ ಹಾಕಿಕೊಳ್ಳಬೇಕು.

ಪತ್ರ ಬರೆಯಲು ಕುಳಿತರೂ ಕುಳಿತಲ್ಲಿ ಕೂಡ್ರಲು ಆಗುತ್ತಿಲ್ಲ. ಒಂದು ಸಾಲು ಬರೆಯುತ್ತೇನೆ, ಬಾಗಿಲಿಗೆ ಹೋಗುತ್ತೇನೆ, ಬಸ್ ನಿಲ್ದಾಣ ನೋಡುತ್ತೇನೆ, ಬರುತ್ತೇನೆ. ನಿನಗೆ ಬಂದ ನೋಟೀಸಿಗೆ ಉತ್ತರ ಕೊಡಲು ನಾಳೆಯೇ ಕಡೆಯ ದಿನ. ಕೊಡದಿದ್ದರೆ ನೌಕರಿ ಹೋಯಿತು. ಕಾಕಾ ಅವರಿಗಂತೂ ಅಷ್ಟೇ ಬೇಕಾಗಿದೆಯಂತೆ. "ಬಿಸಲಾಗ ಗೂಟ ಬಡ್ಯೂದು ಸಾಕು, ಮನ್ಯಾಗಿರು" ಎಂದರೆಂದು ಬಸ್ಸು ಹತ್ತುವಾಗ ನೀನು ಬೀಬಿಜಾನಳ ಮುಂದೆ ಹೇಳಿದ್ದು ಅವಳ ಚಹಾದಂಗಡಿಯ ಮೂಲಕ ಸರಕಾರಿ ಪ್ರಕಟಣೆಗಿಂತ ಲಗೂ ನನಗೆ ತಲುಪಿತು. ಅದಕ್ಕೇ ನಾನು ತಿಳಿಸಬೇಕಾದ್ದನ್ನು ತಿಳಿಸುವವರೆಗೆ ನೀನು ಏನನ್ನೂ ಬರೆಯಬೇಡ, ಏನನ್ನೂ ಹೇಳಬೇಡ.

ಕಾಕಾ ಅವರ ಸಲುವಾಗಿ ಮೊದಲಿನಿಂದ ನಿವೇದಿಸುತ್ತೇನೆ.

ಕಾಕಾ, ಕಾರ್ಖಾನೆಗಳ ಸಲುವಾಗಿ ಹೊಸದಾಗಿ ಕಟ್ಟಿದ ನಮ್ಮ ಊರಿಗೆ ಇನ್ನೂ ವರ್ಷ ತುಂಬಿಲ್ಲ. ದೀಪದ ಕಂಬಗಳಿವೆ, ದೀಪಗಳು ಬರಬೇಕು. ಕಾರಂಜಿ ಇದೆ, ನೀರು ಬರಬೇಕು. ಮನೆಗಳೆಲ್ಲ ಒಂದೇ ಅಚ್ಚಿನವು. ನಾನೇ ಎರಡು ಸಲ ಪಕ್ಕದ ಮನೆ ಹೊಕ್ಕು ನೀರು ಕುಡಿದು ಬಂದೆ, ಆ ಮನೆಯವರೂ ನನ್ನನ್ನು ತಮ್ಮ ಅಳಿಯನ ಗೆಳೆಯನೆಂದು ತಿಳಿದರು. ಸಾಹೇಬರದು ಎ ವಿಭಾಗ, ನಮ್ಮದು ಸಿ. ನಡುವೆ ಒಂದು ಬಯಲು. ಸಾಲಿ ಇರುವುದು ಎ ವಿಭಾಗದ ಕಡೆ. ನಮ್ಮ ಓಣಿಯ ಮಕ್ಕಳು ಬಯಲು ದಾಟಿ ಸಾಲಿಗೆ ಹೋಗುತ್ತಾರೆ. ನಕ್ಷೆಯಲ್ಲಿ ಮಾತ್ರ ಆ ಬಯಲಿನ ನಡುವೆ ಒಂದು ಗೋಡೆಯಿದೆ. ಅದು ಎದ್ದರೆ ಮಕ್ಕಳು ಬೈಪಾಸಿನ ಲಾರಿಗಳ ನಡುವೆ ಸುತ್ತು ಹಾಕಬೇಕು. ಅದನ್ನೆಲ್ಲಿ ಕಟ್ಟಬೇಕೆಂದು ನಿಮ್ಮ ಮಗಳು ಬಿಸಿಲಲ್ಲಿ ನಿಂತು ಅಳೆದು ಗೂಟ ಬಡಿಸಿದಳು. ತನ್ನ ಕೆಲಸ ತಾನು ಮಾಡಿದಳು, ಕೂದಲೆಳೆಯ ತಪ್ಪಿಲ್ಲದೆ.

ಅಷ್ಟರಲ್ಲಿ ಊರಿನ ಮೊದಲ ಹೋಳಿ ಬಂತು. ಬಂದ ಕೂಡಲೇ ಜಗಳವನ್ನೂ ತಂತು. ಹುಣ್ಣಿಮೆಯ ಮರುದಿನವೇ ಕಾಮಣ್ಣನನ್ನು ಸುಟ್ಟು ಬಣ್ಣ ಆಡಬೇಕೆಂದು ಧಾರವಾಡದವರು. ಐದನೇ ದಿನಕ್ಕೇ ಎರಡೂ, ಮೊದಲೇ ಆಡುವವರು ಅವಸರದ ಮಂದಿ ಎಂದು ಹುಬ್ಬಳ್ಳಿಯವರು. ನಾನು ಕುರ್ಚಿಯ ಮೇಲೆ ನಿಂತು, ಹೆಗಲ ಮೇಲೆ ಟಾವೆಲ್ ಹೊದ್ದು ತೀರ್ಪು ಕೊಟ್ಟೆ: ಸುಡುವುದು ಧಾರವಾಡದ ಲೆಕ್ಕಕ್ಕೆ, ಬಣ್ಣ ಹುಬ್ಬಳ್ಳಿಯ ಲೆಕ್ಕಕ್ಕೆ. ಇಬ್ಬರೂ ಸಮಾನವಾಗಿ ಅಸಮಾಧಾನಗೊಂಡರು. ನ್ಯಾಯವೆಂದರೆ ಅದೇ ಅಲ್ಲವೆ?

ಪಂಪು ತುಂಬಿ ಬರುವ ರಟ್ಟಿನ ಡಬ್ಬಿಗಳಲ್ಲಿ ಕಾಮಣ್ಣನನ್ನು ಮಾಡಿದೆವು. ರತಿಗೆ ಗೌರಕ್ಕ ತನ್ನ ಹಳೆಯ ಇಳಕಲ್ ಸೀರೆ ಉಡಿಸಿದಳು. ಗೌರಕ್ಕನೆಂದರೆ ಸಿ ವಿಭಾಗಕ್ಕೆಲ್ಲ ರೊಟ್ಟಿ ಬಡಿದುಕೊಡುವಾಕಿ, ಮೊಣಕಾಲು ನೋವಿನವಳು. ಎಲ್ಲ ಆಯಿತು, ಕಟ್ಟಿಗೆಯಿಲ್ಲ. ಹೋಳಿಯ ಕಟ್ಟಿಗೆಯನ್ನು ಕೇಳಿ ತರುವಂತಿಲ್ಲ, ಕದ್ದೇ ತರಬೇಕು, ಕಳಕೊಂಡವರು ಬೈಯಬಹುದೇ ಹೊರತು ಫಿರ್ಯಾದಿ ಕೊಡುವಂತಿಲ್ಲ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಈ ಊರಲ್ಲಿ ಏನು ಕದಿಯಬೇಕು ಕಾಕಾ? ಬಾಗಿಲು ಕಬ್ಬಿಣ, ಮಂಚ ಕಬ್ಬಿಣ, ಬೇಲಿ ತಂತಿ. ಕಟ್ಟಿಗೆಯೆಂದು ಇದ್ದದ್ದು ಆ ಗೂಟಗಳಷ್ಟೇ. ರಾತ್ರಿ ನಾನೊಬ್ಬನೇ ಹೋದೆ, ನಾನೊಬ್ಬನೇ ಕಿತ್ತೆ. ಮರುದಿನ ನಸುಕಿನಲ್ಲಿ ಕಾಮಣ್ಣ ಸಕಲ ಗೌರವದಿಂದ ಉರಿದ. ಹಲಗಿ ಇರಲಿಲ್ಲವಾಗಿ ಪ್ಲಾಸ್ಟಿಕ್ ಡ್ರಮ್ಮು ಬಡಿದೆವು. ಶೋಕಾಚರಣೆಯ ಮುಖಂಡತ್ವ ವಹಿಸಿ ಎಲ್ಲರಿಗಿಂತ ಹೆಚ್ಚು ಬಾಯಿ ಬಡಿದುಕೊಂಡವನು ನಾನು.

ಬೂದಿ ಆರುವ ಮೊದಲೇ ಗೋಡೆ ಕಟ್ಟುವ ಗೌಂಡಿಗಳು ಬಂದರು. ಗೂಟಗಳಿಲ್ಲ. ಊರಿನ ವ್ಯವಸ್ಥಾಪಕ ರಮಾಕಾಂತ ಸಾಹೇಬರು ಬಯಲಿನಲ್ಲಿ ನಕ್ಷೆ ಹಿಡಿದು ನಿಂತದ್ದು, ಗೂಟಗಳ ಹೊಣೆ ಆಕೆಯದೆಂದು ನೋಟೀಸು ಸೌಮ್ಯಾಳ ಹೆಸರಿಗೇ ಬಂದದ್ದು, ಆಕೆ ಬೀಬಿಜಾನಳ ಹೊರತು ಯಾರ ಜೊತೆಯೂ ಮಾತಾಡದೆ ಬಸ್ಸು ಹತ್ತಿದ್ದು ನಿಮಗೆ ಗೊತ್ತು.

ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ, ಸೌಮ್ಯಾ. ಮರುದಿನವೇ ನಾನು ಆಫೀಸಿಗೆ ಹೋಗಿ ಕೈಕಟ್ಟಿ ನಿಂತು, ಗೂಟ ಕಿತ್ತವನು ನಾನೇ ಎಂದೆ. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಕಾರಂಜಿ ಮುಂದ 'ಮೊಸಳಿ ಅದಾವ, ಈಜಬ್ಯಾಡ್ರಿ' ಅಂತ ಬೋರ್ಡ್ ಹಚ್ಚಿದಾಂವ ನೀನ ಹೌದಲ್ಲೋ?" ಎಂದರು. ಹೌದೆಂದೆ. "ನಿನ್ನ ಮಾತು ಯಾಂವ ನಂಬತಾನಪಾ? ಆ ಹುಡುಗೀನ ಉಳಸಾಕ ಬಂದಿ. ಹೋಗು, ಕೆಲಸ ನೋಡು." ಜೀವನದಲ್ಲಿ ಮೊದಲ ಸಲ ನೆಟ್ಟಗೆ ಖರೇ ಹೇಳಿದೆ, ನೋಡು ನನ್ನ ಹಣೆಬರಹ. ಎರಡು ದಿನ ಬಯಲಲ್ಲಿ ಗೂಟ ಕಿತ್ತ ಕುಣಿಗಳ ಸುತ್ತ ಸುಮ್ಮನೆ ತಿರುಗಿದೆ.

ಇವತ್ತು ಬಣ್ಣದ ದಿನ. ಮತ್ತೊಮ್ಮೆ ಹೇಳಿ ನೋಡೋಣವೆಂದು, ನನ್ನ ಮೋರೆಯಲ್ಲಿ ಬಣ್ಣವಿಲ್ಲದ ಜಾಗ ಹಲ್ಲು ಮಾತ್ರ ಇದ್ದಾಗ, ಸಾಹೇಬರ ಬಂಗಲೆಯ ಗೇಟಿಗೆ ಹೋದೆ. ಹೊರಗೆ ಬಂದ ಅವರು ನನ್ನನ್ನು ನೋಡಿ "ಯಾರು?" ಎಂದರು. ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಗೌರಕ್ಕನ ದನಿ.

"ಗೂಟ ನಾ ಕಿತ್ತೀನ್ರಿ, ಸಾಹೇಬ್ರ."

"ಗೌರಕ್ಕ, ನಿಮಗ ಕುಂತ್ರ ಏಳಾಕ ಬರೂದಿಲ್ಲ. ಹೆಂಗ ಕಿತ್ರಿ?"

"ಕುಂತ ಕಿತ್ತೀನ್ರಿ. ಆಮ್ಯಾಲ ಹುಡುಗ್ರು ಎಬ್ಬಿಸಿದ್ರು."

ಅವಳ ಹಿಂದೆ ಬೀಬಿಜಾನ. "ಎರಡು ಗೂಟ ನನ್ನ ಚಾದ ಒಲಿಗೆ ಹೋಗ್ಯಾವ್ರಿ. ಮನ್ನಿ ನೀವ ಚಾ ಕುಡದು ಛಲೋ ಆಗೇತಿ ಅಂದ್ರಲ್ಲ, ಅದ ಬೆಂಕಿ." ಅವಳ ಹಿಂದೆ ಸಿ ವಿಭಾಗವೇ ಸಾಲು ಹಚ್ಚಿತ್ತು, ಕೆಂಪು, ಹಸಿರು, ಗುಲಾಬಿ. ಯಾರು ಯಾರೆಂದು ತಿಳಿಯುವಂತಿರಲಿಲ್ಲ. ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ ಸೌಮ್ಯಾ, ನಿನ್ನಾಣೆ. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದ ಮಂದಿ ಒಬ್ಬರ ಹಿಂದೊಬ್ಬರು ಬಂದು ನಾ ಕಿತ್ತೆ, ನಾ ಕಿತ್ತೆ ಎಂದರು. ನೀನು ಬಡಿಸಿದ್ದಕ್ಕಿಂತ ಹೆಚ್ಚು ಗೂಟ ಕಿತ್ತರು.

ಸಾಹೇಬರ ಸಿಟ್ಟು ಏರುತ್ತಿತ್ತು. ಆಗ ಒಳಗಿನಿಂದ ಅವರ ಹೆಂಡತಿ ಮಂದಾಕಿನಿಯವರು ಬಂದರು. ಗೇಟು ದಾಟಿ, ಗೌರಕ್ಕನ ಕೈಯಿಂದ ಚಿಟಿಕೆ ಬಣ್ಣ ಗಲ್ಲಕ್ಕೆ ಹಚ್ಚಿಕೊಂಡು, ಸಾಲಿನಲ್ಲಿ ನಿಂತರು.

"ನಾನೂ ಒಂದು ಕಿತ್ತೇನ್ರಿ."

"ಮಂದಾ, ಮನಿಯೊಳಗ ನಡಿ."

"ಬರತೇನಿ. ಸಾಲಿ ಹುಡುಗ್ರು ಹಾಯೂವಷ್ಟು ಸಂದಿ ಬಿಡತೇನಿ ಅನ್ರಿ, ಬರತೇನಿ."

"ಅದು ನಕ್ಷಾದಾಗ ಇಲ್ಲ."

"ಸುಡಗಾಡೂ ನಕ್ಷಾದಾಗ ಇಲ್ಲ. ಹಂಗಂತ ಈ ಊರಾಗ ಯಾರೂ ಸಾಯೂದಿಲ್ಲೇನು?"

ಸಾಹೇಬರು ಕನ್ನಡಕ ತೆಗೆದು ಮತ್ತೆ ಒರೆಸಿದರು. ಕೊನೆಗೆ ಹೇಳಿದ್ದು ಇಷ್ಟು: "ಆ ಹುಡುಗೀನ ಕರಸ್ರಿ. ನಾಳೆ ಬಂದು ಗೂಟ ಬಡದ್ರ ನೋಟೀಸು ಹರೀತೇನಿ." ಎಲ್ಲಿ ಬಡಿಯಬೇಕೆಂದು ಮಾತ್ರ ಹೇಳಲಿಲ್ಲ. ಹೇಳಲಿಲ್ಲವಲ್ಲ ಎಂದೇ ನನಗೆ ಚಡಪಡಿಕೆ. ರಾತ್ರಿ ಕಳೆದರೆ ಮತ್ತೆ ನಕ್ಷೆ ಬಿಚ್ಚಿ ಕೂತಾರು. ನೀನು ಬೆಳಿಗ್ಗೆಯೇ ಇಲ್ಲಿರಬೇಕು.

ಕಾಕಾ, ನಿಮ್ಮ ಮಗಳದು ಬಿಸಿಲಲ್ಲಿ ಗೂಟ ಬಡಿಯುವ ಕೆಲಸವೆನ್ನುತ್ತೀರಿ. ಖರೇ. ಆದರೆ ನಾಳೆ ಆಕೆ ಎರಡು ಗೂಟಗಳ ನಡುವೆ ಎಷ್ಟು ಜಾಗ ಬಿಡುತ್ತಾಳೆಂದು ಒಂದು ಊರು ನಿಂತು ನೋಡಲಿದೆ. ಬೀಬಿಜಾನಳ ಮೈದುನ ಗೌಸಮೊದ್ದೀನ ನಸುಕಿನಲ್ಲಿ ತರಕಾರಿಗೆಂದು ನಿಮ್ಮೂರು ಗರಗಕ್ಕೆ ಬರುತ್ತಾನೆ, ಈ ಪತ್ರ ತರುವವನೂ ಅವನೇ. ತಿರುಗಿ ಬರುವಾಗ ಟೆಂಪೋದ ಮುಂದಿನ ಸೀಟು ಖಾಲಿ ಇರುತ್ತದೆ. ನೀವೂ ಬಂದರೆ ಬದನೆಕಾಯಿಯ ಬುಟ್ಟಿಯನ್ನು ಹಿಂದಕ್ಕೆ ಹಾಕುವಂತೆ ಅವನಿಗೆ ಹೇಳಿದ್ದೇನೆ.

ಯಾರೂ ನಂಬದ ಅಪರಾಧಿ,
ಶಿವಯೋಗೀಶ

ತಾ.ಕ.: ಸೌಮ್ಯಾ, ಈ ಚೀಟಿ ಬೇರೆ ಮಡಿಚಿದ್ದೇನೆ. ಇದನ್ನು ನಿನ್ನ ಕೈಗೇ ಕೊಡಬೇಕೆಂದು ಗೌಸಮೊದ್ದೀನನಿಂದ ಭಾಷೆ ತಗೊಂಡಿದ್ದೇನೆ. ಮೇಲೆ ನಾನೊಬ್ಬನೇ ಎಂದು ಬರೆದದ್ದು ನಿಮ್ಮಪ್ಪನ ಸಲುವಾಗಿ. ಗೂಟ ಕಿತ್ತ ರಾತ್ರಿ ನೀನು ಹಿಡಿದಿದ್ದ ಬೆಳಕಿನ ಬ್ಯಾಟರಿ ನನ್ನ ಹತ್ತಿರ ಭದ್ರವಾಗಿದೆ. ಸಾಹೇಬರ ಗೂಟ ಕೀಳಲು ನಾನು ಅಂಜಿ ನಿಂತಾಗ, ಬ್ಯಾಟರಿ ನನ್ನ ಕೈಗಿಟ್ಟು ಮೊದಲನೆಯದನ್ನು ಕಿತ್ತವಳು ನೀನು ಎಂಬುದನ್ನು ನಾನು ಸಾಯುವವರೆಗೂ ಬಾಯಿಬಿಡುವುದಿಲ್ಲ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಅದೂ ಗೊತ್ತು. ನಾಳೆ ಖರೇ ಹೇಳಲೇಬೇಕೆನಿಸಿದರೆ ಹೇಳಿಬಿಡು, ನಾ ತಡೆಯುವುದಿಲ್ಲ. ಸಾಹೇಬರು ಕನ್ನಡಕ ಒರೆಸಿಕೊಂಡು, ನೀನೂ ಸಾಲಿನಲ್ಲಿ ಗೌರಕ್ಕನ ಹಿಂದೆ ಹೋಗಿ ನಿಲ್ಲು ಎನ್ನುತ್ತಾರೆ, ಅಷ್ಟೇ.